ನಾಳೆ ಎಂಬ ಫೈಲು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂರುವ ಆ ಮನುಷ್ಯನಿಗೆ ಕಚೇರಿಯವರೆಲ್ಲ ಇಟ್ಟ ಹೆಸರು ಜರಡಿ. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ ಅದು. ಎದುರಿಗೇ ‘ಜರಡಿಯವರೇ’ ಎಂದು ಕರೆಯುತ್ತಿದ್ದರು, ಅವನೂ ಮೀಸೆಯಡಿ ನಗುತ್ತ ಓಗೊಡುತ್ತಿದ್ದ. ಹದಿನಾಲ್ಕು ವರ್ಷಗಳಲ್ಲಿ ಅವನ ಕಣ್ಣು ತಪ್ಪಿಸಿ ಒಂದು ತಪ್ಪೂ ಆಚೆಗೆ ಹೋಗಿರಲಿಲ್ಲ. ಹಾಗೆಂದು ಎಲ್ಲರೂ ಹೇಳುತ್ತಿದ್ದರು, ಹೇಳಿಸಿಕೊಂಡು ಹೇಳಿಸಿಕೊಂಡು ಅವನೂ ನಂಬಿಬಿಟ್ಟಿದ್ದ. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ ಹೇಳಿ!

ಅವನ ಕೆಲಸ ಇಷ್ಟು. ಕಿಡ್ನಿ ಕೆಟ್ಟವರನ್ನು ವಾರಕ್ಕೆ ಮೂರು ಸಲ ಮನೆಯಿಂದ ಕರೆತಂದು, ಡಯಾಲಿಸಿಸ್ ಮಾಡಿ, ಮತ್ತೆ ಮನೆಗೆ ಬಿಡುವ ಆಸ್ಪತ್ರೆ ಅದು. ನಾಳೆ ಯಾರನ್ನು, ಯಾವ ಬೀದಿಯಿಂದ, ಎಷ್ಟು ಗಂಟೆಗೆ ಕರೆತರಬೇಕು ಎಂಬ ಪಟ್ಟಿಗಳು ಹಿಂದಿನ ಸಂಜೆಯೇ ವ್ಯಾನ್ ಚಾಲಕರ ಫೋನಿಗೆ ಹೋಗಬೇಕು. ಅವು ನಾವು ನೀವು ಬರೆಯುವಂಥ ಪಟ್ಟಿಗಳಲ್ಲ, ಯಂತ್ರ ಓದುವಂಥವು. ಒಬ್ಬೊಬ್ಬ ರೋಗಿಯ ವಿವರಕ್ಕೂ ಸುತ್ತ ಒಂದು ಬ್ರ್ಯಾಕೆಟ್, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಕಾಮಾ. ಮೇಲಿನ ಮಹಡಿಯಲ್ಲಿ ಟೈಪ್ ಮಾಡುವವರು ಅವಸರದಲ್ಲಿ ಒಂದು ಕಾಮಾ ನುಂಗಿದರೂ ಸಾಕು, ಯಂತ್ರ ಇಡೀ ಪಟ್ಟಿಯನ್ನೇ ತಿರಸ್ಕರಿಸುತ್ತದೆ. ಆದ್ದರಿಂದ ಪ್ರತಿ ಪಟ್ಟಿಯನ್ನೂ ಜರಡಿ ಮೊದಲು ಪರೀಕ್ಷೆಗೆ ಹಾಕುತ್ತಿದ್ದ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಕೆಂಪು ಬಂದರೆ ತಪ್ಪು ಹುಡುಕಿ ತಿದ್ದಬೇಕು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದೇ: “ಕೆಂಪು ಬಿದ್ದ ಸಾಲಲ್ಲಿ ಕಳ್ಳ ಇರಲ್ಲ, ಅದರ ಮೇಲಿನ ಸಾಲಲ್ಲಿ ಇರ್ತಾನೆ. ಯಂತ್ರ ಎಡವಿ ಬಿದ್ದ ಮೇಲಷ್ಟೇ ಕೂಗುತ್ತೆ. ಕಲ್ಲು ಎಲ್ಲಿದೆ ಅಂತ ನೀವೇ ಹಿಂದೆ ತಿರುಗಿ ನೋಡ್ಬೇಕು.”

ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನು ಹೋಗಿ ಬಚ್ಚಲಿಗೆ ಬಿತ್ತಂತೆ. ಒಂದು ಬುಧವಾರ ಸಂಜೆ ಐದಕ್ಕೆ ಹತ್ತು ನಿಮಿಷವಿತ್ತು. ನೌಕರರ ಬಸ್ಸು ಐದಕ್ಕೆ ಸರಿಯಾಗಿ ಹೊರಡುತ್ತದೆ. ಅದು ತಪ್ಪಿದರೆ ಎರಡು ಬಸ್ಸು ಬದಲಾಯಿಸಿ, ಮನೆಯವರೆಗೂ ನಿಂತೇ ಹೋಗಬೇಕು. ಆರು ಪಟ್ಟಿಗಳು ಹಸಿರಾಗಿದ್ದವು. ಏಳನೆಯದು ಕೆಂಪಾಯಿತು. ಯಂತ್ರ ಬೆರಳಿಟ್ಟು ತೋರಿಸಿದ್ದು ಕಟ್ಟಕಡೆಯ ರೋಗಿಯನ್ನು. ಜರಡಿ ಬ್ರ್ಯಾಕೆಟ್ಟು, ಕಾಮಾಗಳ ಮೇಲಷ್ಟೇ ಎರಡು ಸಲ ಕಣ್ಣಾಡಿಸಿದ, ಏನೂ ಸಿಗಲಿಲ್ಲ. ಮೇಲಿನ ಸಾಲು ನೋಡಬೇಕಿತ್ತು, ನೋಡಲಿಲ್ಲ. ಆ ಕೊನೆಯ ರೋಗಿಯನ್ನು ಬ್ರ್ಯಾಕೆಟ್ ಸಮೇತ ಕತ್ತರಿಸಿ ತೆಗೆದು, ಬೇರೊಂದು ಖಾಲಿ ಫೈಲಿಗೆ ಅಂಟಿಸಿ, ಅದಕ್ಕೆ ‘ನಾಳೆ’ ಎಂದು ಹೆಸರಿಟ್ಟ. ಬೆಳಗ್ಗೆ ಬಂದೊಡನೆ ಸರಿಪಡಿಸಿ ಆ ಚಾಲಕನಿಗೊಂದು ಫೋನ್ ಮಾಡಿದರಾಯಿತು ಎಂದುಕೊಂಡ. ಪಟ್ಟಿ ತಕ್ಷಣ ಹಸಿರಾಯಿತು. ಬಸ್ಸಿನಲ್ಲಿ ಅವನಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಬೆಳಗ್ಗೆ ಆರಕ್ಕೆ ಹೊರಡುವ ವ್ಯಾನಿಗೆ ಒಂಬತ್ತಕ್ಕೆ ಕಚೇರಿಗೆ ಬರುವವನು ಏನು ಫೋನ್ ಮಾಡಿಯಾನು? ಅಷ್ಟು ಲೆಕ್ಕವೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮರುದಿನವಂತೂ ‘ನಾಳೆ’ ಫೈಲು ನೆನಪಿಗೇ ಬರಲಿಲ್ಲ.

ಎರಡು ವಾರದ ಮೇಲೆ ಅವನ ಹೆಂಡತಿ, ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಹಾಗೇ ಮಡಚಿಕೊಂಡು ವಾಪಸು ತಂದಳು. ಅವರ ಬೀದಿಯ ತುದಿಯಲ್ಲೊಬ್ಬ ಟೈಲರ್. ಇವರ ಮನೆಯ ಬಟ್ಟೆಯೆಲ್ಲ ಇಪ್ಪತ್ತು ವರ್ಷದಿಂದ ಅವನ ಕೈಯಲ್ಲೇ ಹೊಲಿದದ್ದು. ಒಂದು ವರ್ಷದಿಂದ ಆತನೂ ಜರಡಿಯ ಆಸ್ಪತ್ರೆಗೇ ಡಯಾಲಿಸಿಸ್‌ಗೆ ಹೋಗುತ್ತಿದ್ದ, ಆದರೂ ಅಂಗಡಿ ಮುಚ್ಚಿರಲಿಲ್ಲ.

“ಪಾಪ ರೀ, ಅವರಿಗೆ ಮರೆವು ಶುರುವಾಗಿದೆಯಂತೆ” ಎಂದಳು ಹೆಂಡತಿ. “ವ್ಯಾನ್ ಬರೋ ದಿನಾನೇ ತಪ್ಪು ತಿಳ್ಕೊಂಡು ಬೆಳಗ್ಗೆ ಹೊಸ್ತಿಲಲ್ಲಿ ಕೂತಿದ್ರಂತೆ.”

“ಯಾವ ದಿನ?” ಎಂದ ಜರಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳಿದ ಮೇಲೆ ಅವನಿಗೇ ‘ನಾಳೆ’ ಫೈಲು ನೆನಪಾಯಿತು. ಹೋದ ವಾರದ ಹಿಂದಿನ ಗುರುವಾರ ಎಂದಳು.

ನಡೆದದ್ದೆಲ್ಲವನ್ನೂ ಹೆಂಡತಿ ಹೇಳುತ್ತ ಹೋದಳು. ಟೈಲರ್ ಆರು ಗಂಟೆಯಿಂದ ಚೀಲ ಹಿಡಿದು ಕಾದನಂತೆ. ಒಂಬತ್ತಕ್ಕೆ ಆಸ್ಪತ್ರೆಗೆ ಫೋನ್ ಮಾಡಿದರೆ, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಸರದಿ ಬದಲಾಗಿರಬೇಕು, ನಿಮಗೆ ಹೇಳಿರುತ್ತಾರೆ, ನೀವು ಮರೆತಿರುತ್ತೀರಿ, ನಮ್ಮಲ್ಲಿ ಪಟ್ಟಿ ತಪ್ಪುವುದೇ ಇಲ್ಲ ಎಂದರಂತೆ. ಶನಿವಾರದ ವ್ಯಾನ್ ಬರುವ ಹೊತ್ತಿಗೆ ಕಾಲು ಬಾತು, ಉಸಿರು ಕಟ್ಟಿ, ನಾಲ್ಕು ಹೆಜ್ಜೆ ನಡೆಯಲೂ ಆಗುತ್ತಿರಲಿಲ್ಲ. ಯಾಕೆ ತಪ್ಪಿಸಿಕೊಂಡಿರಿ ಎಂದು ನರ್ಸ್ ಬೈದಳಂತೆ. ಆ ಸುಸ್ತಿನಲ್ಲೇ ಒಂದು ಕೋಟಿನ ತೋಳು ಗಿಡ್ಡವಾಯಿತು. ಅಲ್ಲಿಗೆ ಮನೆಯವರು ಎರಡನ್ನೂ ಸೇರಿಸಿ ಮರೆವೇ ಎಂದು ತೀರ್ಮಾನಿಸಿದರು. ಟೈಲರ್‌ನ ಹೆಂಡತಿ ದೊಡ್ಡ ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಈಗ ಆತ ಗುಂಡಿ ಹೊಲಿಯುವುದು, ಅಂಚು ಮಡಿಸುವುದು, ಅಷ್ಟೇ.

ಮರುದಿನ ಜರಡಿ ‘ನಾಳೆ’ ಫೈಲು ತೆರೆದ. ಟೈಲರ್ ಅಲ್ಲಿದ್ದ. ಹೆಸರು, ಬೀದಿ, ಮನೆಯ ಗುರುತು, ಬೆಳಗ್ಗೆ ಆರು. ಎಲ್ಲವೂ ಸರಿಯಾಗಿತ್ತು, ಒಂದು ಚುಕ್ಕೆಯೂ ಹೆಚ್ಚು ಕಡಿಮೆ ಇರಲಿಲ್ಲ. ಹಳೆಯ ಪಟ್ಟಿ ತೆಗೆದು ನೋಡಿದರೆ ಕಾಮಾ ಬಿಟ್ಟುಹೋಗಿದ್ದದ್ದು ಮೇಲಿನ ರೋಗಿಯ ಸಾಲಿನ ಕೊನೆಯಲ್ಲಿ. ತಪ್ಪಿಲ್ಲದವನನ್ನು ಕಿತ್ತು ಎಸೆದಿದ್ದ, ಅದೂ ಹೆಸರನ್ನು ಸಹ ಓದದೆ. ತಾನು ತೊಟ್ಟಿದ್ದ ಅಂಗಿ ಯಾರು ಹೊಲಿದದ್ದು ಎಂದು ನೆನಪಾಗಿ ಜರಡಿಗೆ ಮೈ ಮುದುಡಿಹೋಯಿತು.

ಹೇಳಿಬಿಡಬೇಕಿತ್ತು. ಸಂಜೆ ಹೇಳೋಣ ಎಂದುಕೊಂಡ, ಸಂಜೆ ಟೈಲರ್ ಅಂಗಡಿಯ ಮುಂದೆ ಯಾರೋ ಇದ್ದರು. ನಾಳೆ ಎಂದುಕೊಂಡ. ಹಾಳಾದ್ದು, ಅದೇ ಪದ! ಮಗಳು ಗೆಳತಿಯರ ಮುಂದೆ ‘ನಮ್ಮಪ್ಪನಿಗೆ ಆಸ್ಪತ್ರೆಯಲ್ಲಿ ಜರಡಿ ಅಂತಾರೆ’ ಎಂದು ಜಂಬ ಕೊಚ್ಚಿದಾಗ ಎದ್ದು ಒಳಗೆ ಹೋದ. ಅಂಗಡಿ ಕಾಣದಿರಲೆಂದು ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ಸುತ್ತುಬಳಸಿ ಬರತೊಡಗಿದ. ಒಂದು ಸಂಜೆ ಧೈರ್ಯ ಮಾಡಿ, ಅಂಚು ಮಡಿಸುವ ನೆಪ ಮಾಡಿಕೊಂಡು ಪ್ಯಾಂಟು ಹಿಡಿದು ಹೋದ. ಗೋಡೆಯ ತುಂಬ, ಮರೆಯಬಾರದೆಂದು ಬರೆದ ಅಳತೆಯ ಚೀಟಿಗಳನ್ನು ಸಿಕ್ಕಿಸಲಾಗಿತ್ತು. ಟೈಲರ್ ಉದ್ದ ಅಳೆದ, ಬರೆದುಕೊಂಡ, ಮತ್ತೆ ಅಳೆದ. ಹಿಂದೆ ನಿಂತಿದ್ದ ಅವನ ಹೆಂಡತಿ ಟೇಪನ್ನು ತಾನೂ ಇಣುಕಿ ನೋಡಿದಳು.

“ನಿಮ್ಮ ಆಸ್ಪತ್ರೆ ಪಟ್ಟಿ ತಪ್ಪಲ್ಲ ಅಂತಾರಲ್ಲ” ಎಂದ ಟೈಲರ್ ಸಣ್ಣ ದನಿಯಲ್ಲಿ. “ನನ್ನ ತಲೇನೇ ತಪ್ಪಿರ್ಬೇಕು ಬಿಡಿ.”

ಜರಡಿಯ ಬಾಯಿ ತೆರೆಯಿತು. ಹೊರಗೆ ಬಂದದ್ದು ಮಾತ್ರ, ಪ್ಯಾಂಟಿಗೆ ಅವಸರವಿಲ್ಲ ಎಂಬ ಮಾತು.

‘ನಾಳೆ’ ಫೈಲು ತೆರೆದ ಹನ್ನೊಂದನೆಯ ದಿನ ಅವನು ಮೊದಲು ಮೇಲಧಿಕಾರಿಯ ಬಳಿ ಹೋಗಿ ನಡೆದದ್ದನ್ನು ಹೇಳಿದ. ಅವರು ಹಣೆ ಒತ್ತಿಕೊಂಡು, ಬರೆದು ಕೊಡಿ ಎಂದರಷ್ಟೆ. ಬರೆದುಕೊಟ್ಟು, ಆ ಬುಧವಾರದ ಪಟ್ಟಿಯ ಕೊನೆಯ ಹಾಳೆಯನ್ನೂ ‘ನಾಳೆ’ ಫೈಲನ್ನೂ ಮುದ್ರಿಸಿಕೊಂಡು, ಮನೆಯಿಂದ ಹೆಂಡತಿ ವಾಪಸು ತಂದಿದ್ದ ಬಟ್ಟೆಯನ್ನೂ ತೆಗೆದುಕೊಂಡು ನೆಟ್ಟಗೆ ಅಂಗಡಿಗೆ ನಡೆದ. ಟೈಲರ್ ಮತ್ತು ಅವನ ಹೆಂಡತಿ ಇಬ್ಬರೂ ಇದ್ದರು. ಇಬ್ಬರ ಮುಂದೆಯೇ ಹೇಳಿದ. ಸರದಿ ಗುರುವಾರವೇ ಆಗಿತ್ತು, ಬದಲಾಗಿರಲಿಲ್ಲ, ಪಟ್ಟಿಯಿಂದ ತೆಗೆದವನು ನಾನು, ಬಸ್ಸು ತಪ್ಪುತ್ತದೆಂದು ತೆಗೆದೆ, ನಿಮ್ಮ ತಲೆಗೆ ಏನೂ ಆಗಿಲ್ಲ ಎಂದ. ಹಾಳೆಗಳನ್ನೂ ಬಟ್ಟೆಯನ್ನೂ ಮೇಜಿನ ಮೇಲಿಟ್ಟ.

ಟೈಲರ್ ಕನ್ನಡಕ ಏರಿಸಿ ತನ್ನ ಹೆಸರಿನ ಸಾಲನ್ನು ನಿಧಾನವಾಗಿ ಓದಿದ.

“ಇದು ನಿಮಗೆ ಯಾವತ್ತು ಗೊತ್ತಾಯ್ತು?”

“ಹನ್ನೊಂದು ದಿನ ಆಯ್ತು.”

“ಗುರುವಾರದ್ದು ಬಿಡಿ. ಕೆಲಸ ಮಾಡೋ ಕೈ ತಪ್ಪುತ್ತೆ, ನಂದೂ ತಪ್ಪಿದೆ.” ಟೈಲರ್ ಕನ್ನಡಕ ತೆಗೆದ. “ಹನ್ನೊಂದು ದಿನ ನಾನು ಬೆಳಗ್ಗೆ ಎದ್ದು ನನ್ನ ಮಕ್ಕಳ ಹೆಸರು ಹೇಳ್ಕೊಂಡು ನೋಡ್ತಿದ್ದೆ, ನೆನಪಿದೆಯೋ ಇಲ್ವೋ ಅಂತ.”

ಜರಡಿ ನಾಚಿಕೆಯಿಂದ ನೆಲದ ಮೇಲಿನ ಬಟ್ಟೆ ಚೂರುಗಳನ್ನೇ ನೋಡುತ್ತ ನಿಂತ.

“ಕತ್ತರಿ ತಾ” ಎಂದ ಟೈಲರ್ ಹೆಂಡತಿಗೆ. ಅವಳು ಒಳಗೆ ಹೋಗಿ ಬೀಗ ತೆಗೆದ ಸದ್ದು ಕೇಳಿತು. ಕತ್ತರಿ ಕೈಗೆ ಬಂದ ಮೇಲೆ ಟೈಲರ್ ಬಟ್ಟೆಯನ್ನು ಮೇಜಿನ ಮೇಲೆ ಹರಡಿದ. ಚೀಟಿ ನೋಡದೆ, ಪುಸ್ತಕ ತೆರೆಯದೆ, ಜರಡಿಯ ಹೆಂಡತಿಯ ಅಳತೆಗಳನ್ನು ಭುಜದಿಂದ ಮಣಿಕಟ್ಟಿನವರೆಗೆ ಒಂದೊಂದಾಗಿ ಹೇಳಿದ. ಅವನ ಹೆಂಡತಿ ಅಳತೆ ಪುಸ್ತಕ ತೆರೆದು ನೋಡಿದಳು. ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಟೈಲರ್ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸತೊಡಗಿದ.

ಜರಡಿ ಹೊಸ್ತಿಲು ದಾಟುವಾಗ ಟೈಲರ್ ತಲೆ ಎತ್ತದೆಯೇ ಹೇಳಿದ:

“ಶನಿವಾರ ಕೊಡ್ತೀನಿ. ನಿಮ್ಮ ಮನೆಯವರನ್ನೇ ಕಳಿಸಿ. ನೀವು ಬರೋದು ಬೇಡ.”