ಮ್ಯಾಟಿನಿಯಲ್ಲಿ ಅವರು ಅತ್ತದ್ದು

ನನ್ನ ಗಂಡ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಾರೆ. ತಾಯಿ ತೀರಿಕೊಂಡಾಗಲೂ ಅಳದವರು ಹೋದ ವರ್ಷ ಬಳ್ಳಾರಿಯಲ್ಲಿ ಒಂದು ಸಿನಿಮಾ ನೋಡುತ್ತಾ ಅತ್ತರು.

ಮುಂದೆಂದೋ ಬರುವ ಕಾಲದ ಕಥೆ ಅದು. ಸೂರ್ಯನೇ ಕಾಣದ ಊರು, ಮುಗಿಲು ಮುಟ್ಟುವ ಕಪ್ಪು ಗೋಪುರಗಳು, ಪರದೆ ತುಂಬ ಮಳೆಯಂತೆ ಸುರಿಯುವ ಬೂದಿ. ನಾನು ಬಾಯಿ ತೆರೆದು ನೋಡುತ್ತಿದ್ದೆ. ಕೊನೆಗೆ ಒಬ್ಬ ಮುದುಕ ಕೆಲಸಗಾರ, ತನ್ನನ್ನು ಜೀವನವಿಡೀ ದುಡಿಸಿದ ಯಂತ್ರವನ್ನು ಕೇಳುತ್ತಾನೆ: ನಾನು ಯಾಕೆ ಬದುಕಿದೆ? ಪಕ್ಕಕ್ಕೆ ತಿರುಗಿದರೆ ಇವರು ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ನನಗೆ ಸಂಶಯ ಹೊಕ್ಕಿತು. ಯಾವುದೋ ರೋಗ ಮುಚ್ಚಿಡುತ್ತಿದ್ದಾರೆಯೇ? ಬೇರೆ ಹೆಣ್ಣೇ? ಕುರುಗೋಡಿನ ಮೇಲೆ ಊರಿಗೆ ಹೋಗುವ ಬಸ್ಸಿನಲ್ಲಿ ಕೇಳಿಯೇಬಿಟ್ಟೆ.

"ಯಾಕ್ರೀ ಅತ್ರಿ?"

"ಕಣ್ಣಾಗ ಧೂಳ ಬಿತ್ತು."

"ಏಸಿ ಟಾಕೀಸಿನ್ಯಾಗ ಎಲ್ಲಿ ಧೂಳ್ರೀ? ಏನ್ ಮುಚ್ಚಿಡ್ತೀರಿ?"

"ಏನಿಲ್ಲ. ಇಪ್ಪತ್ತು ವರ್ಷ ಆತು, ಗಿರಣ್ಯಾಗ ನಿಂತೀನಿ. ಆ ಮುದುಕನ ಪ್ರಶ್ನೆ ನನಗ ಯಾರರ ಕೇಳಿದ್ರ ಏನ್ ಹೇಳ್ಲಿ?"

ನಾನು ನಂಬಲಿಲ್ಲ. ಅಷ್ಟಕ್ಕೇ ಯಾರಾದರೂ ಅಳುತ್ತಾರೆಯೇ? ವಾರವಿಡೀ ಅವರ ಫೋನು, ಅಂಗಿಯ ಜೇಬು ಎಲ್ಲ ಹುಡುಕಿದೆ. ಏನೂ ಸಿಗಲಿಲ್ಲ.

ಮುಂದಿನ ಭಾನುವಾರ, ಗಿರಣಿಗೆ ಬೆಲ್ಟು ತರಬೇಕು ಎಂದು ಒಬ್ಬರೇ ಬಳ್ಳಾರಿಗೆ ಹೊರಟರು. ಭಾನುವಾರ ಬೆಲ್ಟಿನ ಅಂಗಡಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಖರೇ ಹೇಳ್ರಿ, ಎಲ್ಲಿಗೆ ಹೊಂಟೀರಿ?"

ಅವರು ತಲೆ ತಗ್ಗಿಸಿದರು. "ಆ ಸಿನಿಮಾ ಇನ್ನೊಮ್ಮೆ ನೋಡಬೇಕು ಅನಿಸೈತಿ."

ಆಗಲೂ ನಂಬಿಕೆ ಬರದೆ, ಸೀರೆ ಬದಲಿಸಿ ನಾನೂ ಹೊರಟೆ. ಈ ಸಲ ಪರದೆಗಿಂತ ಹೆಚ್ಚು ಅವರ ಮುಖವನ್ನೇ ನೋಡಿದೆ. ಮುದುಕ ಬಾಯಿ ತೆರೆಯುವ ಮೊದಲೇ ಅವರ ಕಣ್ಣು ತುಂಬಿತು. ಬೇರೇನೂ ಇಲ್ಲ ಎಂದು ಆಗ ನಂಬಿ, ಅವರ ಕೈ ಹಿಡಿದುಕೊಂಡೆ.