ಹೊಸ ರೆಕಾರ್ಡಿನ ಹಳೇ ಗೀರು

ದೆವ್ವ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ನಕ್ಕು ಎದ್ದು ಹೋಗುವವನು ನಾನು. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಮಸ್ಕಿಯ ಆ ಮಧ್ಯಾಹ್ನದ ಮಾತು ಬಂದರೆ ನನಗೆ ನಗು ಬರುವುದಿಲ್ಲ. ನೀವು ಬೇಕಾದರೆ ನಗಿ.

ನನ್ನ ಸೋದರಮಾವಂದಿರಿಬ್ಬರು ಅಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದರು. ಕಿರಿಯವನು ಅಮರೇಶ ಮಾವ, ಪರದೇಶದ ವಾದ್ಯಮೇಳದ ಹುಚ್ಚ. ಎಂಬತ್ತರ ದಶಕದ ಶುರುವಿನಲ್ಲಿ ಅಣ್ಣತಮ್ಮಂದಿರಿಬ್ಬರೂ ಮೈಕ್‌ಸೆಟ್ ಹಾಕಿದ್ದ ಸಂತೆಕಲ್ಲೂರಿನ ಮದುವೆಯೊಂದರಲ್ಲಿ, ಊಟದ ಹೊತ್ತಿಗೆ, ಅಂಥದೊಂದು ರೆಕಾರ್ಡು ಹಚ್ಚಿಬಿಟ್ಟ. ಬೇವಿನ ಮರಕ್ಕೆ ಕಟ್ಟಿದ್ದ ಹಾರ್ನಿನಿಂದ ಪಿಟೀಲುಗಳೆಲ್ಲ ಒಮ್ಮೆಲೇ ಅತ್ತವು.

"ಮದಿವ್ಯಾಗ ಹೆಣದ ಬಾಜಾ ಹಚ್ಚೀಯೇನಲೇ?" ಎನ್ನುತ್ತ ಬೀಗರ ಕಡೆಯವರು ಎಂಜಲು ಕೈಯಲ್ಲೇ ಎದ್ದು ಬಂದರು. ಬಡಿಗೆಗಳು ಎದ್ದವು, ತಲೆಗಳು ಒಡೆದವು, ಸಾರಿನ ಕೊಪ್ಪರಿಗೆ ಉರುಳಿತು. ರೆಕಾರ್ಡಿನ ಮೇಲಿನ ಮುಳ್ಳು ಎತ್ತಲು ಬಾಗಿದ್ದ ಮಾವನ ಬಲಗೈ ಮೇಲೆ ಹಿಂದಿನಿಂದ ಏಟು ಬಿತ್ತು. ಮೊಳಕೈ ಚೂರಾಯಿತು, ಮುಳ್ಳು ರೆಕಾರ್ಡನ್ನು ಗೀರಿಕೊಂಡು ಹೋಯಿತು. ಹೊಡೆದವರು ಬೀಗರ ಕಡೆಯವರೇ ಎಂದು ಎಲ್ಲರೂ ನಂಬಿದೆವು.

ಕೈ ಸತ್ತುಹೋಯಿತು. ಅಂಗಡಿ ದೊಡ್ಡ ಮಾವ ಬಸಣ್ಣನದಾಯಿತು. ಅಮರೇಶ ಮಾವ ಅಣ್ಣನ ಮನೆಯಲ್ಲೇ ಉಂಡುಕೊಂಡು, ಎಡಗೈಯಲ್ಲಿ ಅದೇ ರೆಕಾರ್ಡು ಹಚ್ಚುತ್ತಿದ್ದ. ನಗಾರಿಯ ಜಾಗ ಬಂದರೆ ಗೀರಿಗೆ ಸಿಕ್ಕ ಮುಳ್ಳು ಅಲ್ಲೇ ಸುತ್ತುತ್ತಿತ್ತು: ಧಡ್, ಧಡ್, ಧಡ್. ಮೈಕ್‌ಸೆಟ್‌ನವರ ಉಪಾಯದಂತೆ ಮುಳ್ಳಿನ ತಲೆಯ ಮೇಲೆ ನಾಲ್ಕಾಣೆ ಇಟ್ಟರೆ ದಾಟುತ್ತಿತ್ತು.

ತೊಂಬತ್ತರ ದಶಕದಲ್ಲಿ ನಾನು ಸಿಂಧನೂರಿನಲ್ಲಿ ನೌಕರಿಯಲ್ಲಿದ್ದೆ. ಅದೇ ವಾದ್ಯಮೇಳವನ್ನು ಹೊಸದಾಗಿ ಒತ್ತಿದ ದಪ್ಪ ರೆಕಾರ್ಡೊಂದನ್ನು ಪರದೇಶದ ಗೆಳೆಯನಿಂದ ತರಿಸಿ, ಒಂದು ಮಧ್ಯಾಹ್ನ ಮಸ್ಕಿಯ ಅಂಗಡಿಯಲ್ಲಿ ಅಮರೇಶ ಮಾವನ ಮುಂದೆಯೇ ಪ್ಯಾಕೆಟ್ ಹರಿದೆ. ಕೂದಲೆಳೆಯಷ್ಟೂ ಗೀರಿರಲಿಲ್ಲ. ದೊಡ್ಡ ಮಾವ ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದ.

ರೆಕಾರ್ಡು ಹಚ್ಚಿದೆ. ನಗಾರಿ ಬಂತು. ಧಡ್, ಧಡ್, ಧಡ್. ಮುಳ್ಳು ಅಲ್ಲೇ ಸಿಕ್ಕಿಕೊಂಡಿತು. ಅಮರೇಶ ಮಾವ ನಾಲ್ಕಾಣೆ ಇಟ್ಟ. ದಾಟಲಿಲ್ಲ. ಯಾರೂ ಗುಂಡಿ ಮುಟ್ಟದೆಯೇ ಸದ್ದು ಏರುತ್ತ ಹೋಯಿತು.

"ನಾ ಹೊಡದಿಲ್ಲಲೇ! ನಾ ಅಲ್ಲ!" ದೊಡ್ಡ ಮಾವ ಚೀರಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇಲ್ಲಿ ಕಳ್ಳ ಎಂದವರೂ ಇರಲಿಲ್ಲ. ಅವನು ಮೂಲೆಯ ಕಬ್ಬಿಣದ ಸಲಾಕೆ ಎತ್ತಿಕೊಂಡ. ಅಮರೇಶ ಮಾವ ರೆಕಾರ್ಡನ್ನು ಕಿತ್ತು ಎದೆಗವುಚಿಕೊಂಡ. ದೊಡ್ಡ ಮಾವ ಪ್ಲೇಯರನ್ನು ಜಜ್ಜಿದ, ಆಂಪ್ಲಿಫೈಯರನ್ನು ಜಜ್ಜಿದ. ಚೂರು ಸಿಡಿದು ಹಣೆ ಹರಿದು, ರಕ್ತ ಕಣ್ಣಿಗಿಳಿದರೂ ಬಿಡಲಿಲ್ಲ. ಕೊನೆಗೆ ಸಲಾಕೆ ತಮ್ಮನ ತಲೆಯ ಮೇಲೆ ಎದ್ದಿತು.

"ಹೊಡಿ ಅಣ್ಣಾ," ಎಂದ ಅಮರೇಶ ಮಾವ. "ಈ ಸಲ ಮುಂದ ನಿಂತು ಹೊಡಿ. ನಿನ್ನ ಮಾರಿ ನೋಡ್ತೀನಿ."

ಸಲಾಕೆ ನೆಲಕ್ಕೆ ಬಿತ್ತು.

ಅಂದೇ ಮಾವನನ್ನು ಸಿಂಧನೂರಿಗೆ ಕರೆತಂದೆ. ಅಲ್ಲಿ ಬೇರೆ ಪ್ಲೇಯರಿನಲ್ಲಿ ಅದೇ ರೆಕಾರ್ಡು ಹಚ್ಚಿದೆ. ನಗಾರಿ ಮೊಳಗಿ, ಎಲ್ಲೂ ತಡೆಯದೆ ಮುಂದಕ್ಕೆ ಸಾಗಿತು. ಹಳೇ ಪ್ಲೇಯರ್ ಕೆಟ್ಟಿತ್ತೆನ್ನಿ, ಕರೆಂಟು ಏರಿತ್ತೆನ್ನಿ. ನಾನೂ ಹಾಗೆ ಹೇಳಿಕೊಂಡು ನೋಡಿದ್ದೇನೆ, ಮನಸ್ಸು ಒಪ್ಪಿಲ್ಲ. ಆಮೇಲೆ ಎಷ್ಟು ಸಲ ಹಚ್ಚಿದರೂ ಅದು ಸಿಕ್ಕಿಕೊಂಡಿಲ್ಲ. ಆದರೂ ಆ ಜಾಗ ಹತ್ತಿರ ಬಂದಾಗ ಮಾವ ಎಡಗೈಯಲ್ಲಿ ನಾಲ್ಕಾಣೆ ಹಿಡಿದು ಕಾಯುತ್ತಾನೆ.