ಒರೆಸದೆ ಉಳಿದ ಡಾಂಬರು

ನಿನ್ನೆ ನಮ್ಮ ಕಾಲೇಜಿನ ಮುಂದೆ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಆ ಕಾದ ವಾಸನೆ ಮೂಗಿಗೆ ಬಡಿದದ್ದೇ ತಡ, ಜಮಖಂಡಿಯಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದ ಅಕ್ಕೋರು ಕಣ್ಣ ಮುಂದೆ ಬಂದು ನಿಂತರು... ಕಾಲೇಜು ಸೇರಿದರೂ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವ ಶಾಲೆಯ ರೂಢಿ ನಮ್ಮನ್ನು ಬಿಟ್ಟಿರಲಿಲ್ಲ.

ಅದು ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು, ಡಾಂಬರು ಅಷ್ಟು ಗಟ್ಟಿ ಯಾಕೆ ಎಂದು ಕೇಳಿದರು. ಅಕ್ಕೋರು ಕಲಿಸಿದ್ದನ್ನೇ ಹೇಳಿದೆ. ಇಂಗಾಲದ ಉಂಗುರಗಳು ಕೂಡಿದ ಚಪ್ಪಟೆ ಅಣುಗಳು ಒಂದರ ಮೇಲೊಂದು ಕೂತಿರುತ್ತವೆ, ಆ ಅಣುಗಳ ನಡುವೆ ಇರುವುದು ಗಟ್ಟಿ ಬಂಧವಲ್ಲ, ಬರೀ ಸೆಳೆತ ಎಂದೆ. ಅವರು ನಕ್ಕುಬಿಟ್ಟರು. ಅವರ ಪ್ರಕಾರ ಎಲ್ಲ ಸೇರಿ ಒಂದೇ ದೊಡ್ಡ ಅಣು!

"ತಪ್ಪಾತು ಅನ್ನು, ಪಾಸ್ ಮಾಡತೇನಿ."

ನಾನು ರಬಕವಿಯ ನೇಕಾರರ ಮಗಳು. ನಾಪಾಸಾದರೆ ಓದು ಅಲ್ಲಿಗೇ ಬಂದ್ ಎಂದು ಅಪ್ಪ ಹೇಳಿದ್ದ. ಹೆದರಿ ಬಾಯಿ ತೆರೆದೆ.

"ಅನಬ್ಯಾಡ ಬೇ!" ಪಕ್ಕದಲ್ಲೇ ನಿಂತಿದ್ದ ಅಕ್ಕೋರು ಗದರಿದರು. ದಡದಡ ಹೊರಗೆ ಹೋಗಿ, ರಸ್ತೆಬದಿ ಬಿದ್ದಿದ್ದ ಡಾಂಬರಿನ ಚೂರೊಂದನ್ನು ಸೆರಗಿನಲ್ಲೇ ಹಿಡಿದು ತಂದರು. ಟಾಲ್ವೀನ್ ಎಂಬ ದ್ರಾವಕಕ್ಕೆ ಹಾಕಿ ಕಲಕುತ್ತ ನಿಂತರು. ಚೂರು ಕರಗಿತು.

"ಎಲ್ಲಾ ಕೂಡಿ ಒಂದ ಅಣು ಆಗಿದ್ರ ಹಿಂಗ ಕರಗತಿತ್ತೇನ್ರಿ ಸರ? ಇಕಿ ಮನ್ಯಾಗ ಸೀರಿ ಘಡಿ ಮಾಡಿ ಒಂದರ ಮ್ಯಾಲೊಂದು ಒಟ್ಟಿರತಾರು. ಒಂದಕ್ಕೊಂದು ಹೊಲದಿರೂದಿಲ್ಲ, ಆದ್ರೂ ಕೂತಿರತಾವು. ಇದೂ ಹಂಗ."

ಪರೀಕ್ಷಕರ ಮುಖ ಹುಳ್ಳಗಾಯಿತು. ನಾನು ಪಾಸಾದೆ.

ಬಂದ ಅತಿಥಿಗೆ ಅವಮಾನ ಮಾಡಿದಿರಿ ಎಂದು ಪ್ರಾಚಾರ್ಯರು ಅಕ್ಕೋರನ್ನು ಎಲ್ಲರೆದುರೇ ಬೈದರು. ಅಕ್ಕೋರು ಬಗ್ಗುವವರೇ? ಅಂದಿನಿಂದ ಪ್ರತಿ ಸೋಮವಾರ ಅದೇ ಸೀರೆ, ಸೆರಗಿನ ಮೇಲೆ ಆ ಡಾಂಬರು ಚೂರಿನ ಕರಿ ಕಲೆ. ಟಾಲ್ವೀನಿನಿಂದ ಒರೆಸಿದರೆ ಹೋಗುತ್ತದಲ್ಲ ಎಂದು ಒಮ್ಮೆ ಕೇಳಿದೆ.

"ಹೋಗತೈತಿ. ಅದಕ್ಕ ಒರಸಂಗಿಲ್ಲ."

ಹೋದ ವರ್ಷ ಅಕ್ಕೋರು ತೀರಿಕೊಂಡರು. ಅವರ ತಂಗಿ ಆ ಸೀರೆಯನ್ನು ನನ್ನ ಕೈಗಿಟ್ಟರು. ಉಡಲು ಧೈರ್ಯವಾಗದೆ ಮಡಿಸಿಟ್ಟಿದ್ದೆ. ಇಂದು ಅದನ್ನೇ ಉಟ್ಟು, ಈಗ ನಾನು ಪಾಠ ಮಾಡುವ ಈ ಮುಧೋಳದ ಕಾಲೇಜಿಗೆ ಬಂದೆ.

"ಮೇಡಮ್ರೀ, ಸೆರಗಿಗೆ ಡಾಂಬರ ಹತ್ತೇತ್ರಿ," ಎಂದಳು ಮುಂದಿನ ಬೆಂಚಿನ ಹುಡುಗಿ.

"ಗೊತ್ತೈತಿ," ಎಂದೆ. ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಪಕ್ಕದ ಕಪಾಟಿನಲ್ಲಿ ಟಾಲ್ವೀನ್ ಶೀಸೆ ತುಂಬಿಯೇ ಇದೆ. ಇರಲಿ ಬಿಡಿ, ನಾನೂ ಒರೆಸುವುದಿಲ್ಲ.